ಹಂಪಿಯನ್ನು ಅಚ್ಚಿಗಿಳಿಸಲು ಪ್ಲೈವುಡ್ಡೋ, ತೇಗವೋ, ಲಿನೋನೋ?

ಹಂಪಿಯಿಂದ ಬಂದ ಮೇಲೆ ಮೂರು ಅಚ್ಚು ಕೆತ್ತಲು ಕೂತೆ, ಮಸಿ ಹಚ್ಚಿ ಕಾಗದಕ್ಕೆ ಚಿತ್ರ ಒತ್ತುವಂಥವು. ಮೂರಕ್ಕೂ ಬೇರೆ ಬೇರೆ ಹಲಗೆ. ಯಾವುದು ಒಳ್ಳೇದು ಅಂತ ಕೇಳಿದರೆ, ಬಂಡೆಗೆ ಪ್ಲೈವುಡ್, ಶಿಲ್ಪಕ್ಕೆ ಲಿನೋ, ಅಂದರೆ ನೆಲಕ್ಕೆ ಹಾಸುವ ಲಿನೋಲಿಯಂ ಹಾಳೆ, ಅಂತೀನಿ. ತೇಗ ನನ್ನ ಕೈಗಂತೂ ಅಲ್ಲ.

ತೇಗದ ಮಾತು ಮೊದಲು ಮುಗಿಸಿಬಿಡುತ್ತೇನೆ. ಬಡಗಿ ಹತ್ತಿರ ಉಳಿದಿದ್ದ ತುಂಡು, ಬಿಟ್ಟಿ ಸಿಕ್ಕಿತು. ತೇಗದಲ್ಲಿ ಸಿಲಿಕಾ ಇರುತ್ತದೆ, ಉಳಿ ಬೇಗ ಮೊಂಡಾಗುತ್ತದೆ. ಕಮಲ ಮಹಲಿನ ಒಂದು ಕಮಾನು ಮುಗಿಸುವಷ್ಟರಲ್ಲಿ ನಾಲ್ಕು ಸಲ ಸಾಣೆ ಹಿಡಿದೆ. ಅಲ್ಲಿಗೇ ಕೈಬಿಟ್ಟೆ.

ಪ್ಲೈವುಡ್ಡಿನಲ್ಲಿ ಮಾಡಿದ್ದು ವಿಠ್ಠಲ ದೇವಸ್ಥಾನದ ಕಲ್ಲಿನ ರಥ, ಹಿಂದೆ ಬಂಡೆಗುಡ್ಡ. ಕೆತ್ತುವ ಮೊದಲು ತಂತಿ ಬ್ರಷ್ಷಿನಿಂದ ಮರದ ಎಳೆ ಹೋದ ಕಡೆಗೇ ಚೆನ್ನಾಗಿ ಉಜ್ಜಿದೆ. ಮೆತ್ತಗಿನ ಭಾಗ ಸವೆದು ಗಟ್ಟಿ ಎಳೆ ಎದ್ದು ನಿಂತಿತು. ಮಸಿ ಹಚ್ಚಿ, ಕಾಗದ ಹಾಸಿ, ಚಮಚದ ಬೆನ್ನಿನಿಂದ ತಿಕ್ಕಿ ಮೆಲ್ಲಗೆ ಎತ್ತಿದರೆ ಬಂಡೆಗಳ ಮೈಮೇಲೆಲ್ಲ ಮರದ ಗೆರೆ. ಥೇಟ್ ಬಿಸಿಲಿಗೆ ಬಿರಿದ ಗ್ರಾನೈಟ್! ಸುಮ್ನೆ ಕೂತು ಅಷ್ಟು ಗೆರೆ ಕೆತ್ತಿದ್ದರೆ ವಾರ ಹಿಡಿಯುತ್ತಿತ್ತು. ಆದರೆ ರಥದ ಚಕ್ರ ಕಾಟ ಕೊಟ್ಟಿತು. ಎಳೆಗೆ ಅಡ್ಡ ಉಳಿ ಓಡಿಸಿದ ಕಡೆಯೆಲ್ಲ ಸಿಬಿರು. ಚಕ್ರದ ಮೇಲಿನ ಒಂದು ಎಸಳು ಪೂರ್ತಿ ಕಿತ್ತು ಬಂತು. ಫೆವಿಕಾಲ್ ಹಾಕಿ ಅಂಟಿಸಿದೆ. ನೋಡಿದವರಿಗೆ ಗೊತ್ತಾಗುವುದಿಲ್ಲ, ನನ್ನ ಕಣ್ಣು ಮಾತ್ರ ಮೊದಲು ಅಲ್ಲಿಗೇ ಹೋಗುತ್ತದೆ.

ಲಿನೋಗೆ ಎಳೆಯೇ ಇಲ್ಲ. ಹಜಾರರಾಮ ದೇವಸ್ಥಾನದ ಹೊರಗೋಡೆಯ ಮೆರವಣಿಗೆಗೆ ಅದೇ ಸರಿ. ತೀರಾ ಕೆಳಗೆ ಆನೆ, ಮೇಲಿನ ಸಾಲುಗಳಲ್ಲಿ ಕುದುರೆ, ಸೈನಿಕರು, ಕುಣಿಯುವ ಹೆಂಗಸರು. ಆನೆಯ ಸೊಂಡಿಲು ಹೇಗೆ ಬಾಗಿದರೂ ಉಳಿಯೂ ಜೊತೆಗೇ ಬಾಗುತ್ತದೆ. ಗಟ್ಟಿ ಅನ್ನಿಸಿದರೆ ಸ್ವಲ್ಪ ಹೊತ್ತು ಬಿಸಿಲಿಗಿಟ್ಟರಾಯಿತು, ಬೆಣ್ಣೆ. ಆದರೆ ಅಚ್ಚಿನಲ್ಲಿ ಕಪ್ಪು ಅಂದರೆ ಬರೀ ಕಪ್ಪು. ಅದು ಕಲ್ಲಿನ ಗೋಡೆ ಅನ್ನಿಸುವುದೇ ಇಲ್ಲ. ಜಾಸ್ತಿ ನುಣುಪಾದರೂ ಕಷ್ಟ, ಅಲ್ವಾ? ಖಾಲಿ ಜಾಗದಲ್ಲಿ ಉಳಿಯ ಗೀರುಗಳನ್ನು ಬೇಕಂತಲೇ ಉಳಿಸಿಕೊಂಡೆ.

ಒಂದು ತಪ್ಪು ಮಾತ್ರ ಎರಡರಲ್ಲೂ ಆಯಿತು. ಅಚ್ಚೊತ್ತಿದಾಗ ಚಿತ್ರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಬರುತ್ತದೆ, ಹಲಗೆಗೆ ಇಳಿಸುವಾಗ ಅದನ್ನು ಎಡಬಲ ತಿರುಗಿಸಲು ಮರೆತಿದ್ದೆ. ಗೆಳೆಯ ಅದೇ ರಥದ ಚಿತ್ರವಿರುವ ಐವತ್ತು ರೂಪಾಯಿ ನೋಟು ತೆಗೆದು ಪಕ್ಕಕ್ಕಿಟ್ಟು, "ನಿನ್ನ ರಥ ರಿವರ್ಸ್ ಗೇರಲ್ಲಿ ಹೊರಟಿದೆಯಲ್ಲೋ" ಅಂದ.

ಮುಂದಿನದು ಉಗ್ರನರಸಿಂಹ. ಮೈಗೆ ಲಿನೋ, ಹಿನ್ನೆಲೆಗೆ ಪ್ಲೈವುಡ್, ಎರಡೂ ಒಂದೇ ಹಾಳೆಯ ಮೇಲೆ. ಅವನು ಎದುರಿಗೇ ನೋಡುತ್ತಾ ಕೂತಿದ್ದಾನೆ. ತಿರುಗಿಸಲು ಮರೆತರೂ ಅಷ್ಟು ಬೇಗ ಸಿಕ್ಕಿಬೀಳುವುದಿಲ್ಲ.