ಆಟಿಸಂ ಜೊತೆ ಜೆಂಡರ್ ಪ್ರಶ್ನೆಯೂ ಇರುವವರಿಗೆ ಚಾಟ್ ಕೌನ್ಸೆಲಿಂಗ್: ನನ್ನ ರಿವ್ಯೂ

ರೇಟಿಂಗ್: 5ಕ್ಕೆ 4

ನನಗೆ ಆಟಿಸಂ ಇದೆ. ಹುಟ್ಟಿದಾಗ ಹೆಣ್ಣು ಅಂತ ಬರೆಸಿದ್ದಾರೆ. ಅದು ನನಗೆ ಹೊಂದುತ್ತದಾ ಅನ್ನೋ ಪ್ರಶ್ನೆ ತುಂಬಾ ವರ್ಷಗಳಿಂದ ಜೊತೆಗಿದೆ. ಈ ಆನ್‌ಲೈನ್ ಸೇವೆಗೆ ಸೇರಿದ್ದು ಒಂದೇ ಕಾರಣಕ್ಕೆ: ಇಲ್ಲಿ ಬಾಯಿ ಬಿಟ್ಟು ಮಾತಾಡಬೇಕಿಲ್ಲ, ಬರೆದರೆ ಸಾಕು. ಎದುರಿಗಿರುವವರ ಮುಖ ಓದುತ್ತಾ, ನನ್ನ ಮುಖವನ್ನೂ ಸರಿಯಾಗಿ ಇಟ್ಟುಕೊಳ್ಳುತ್ತಾ, ಇಂಥ ವಿಷಯ ಹೇಳೋದು ನನ್ನಿಂದ ಆಗುವುದಿಲ್ಲ.

ಪ್ರಶ್ನೆಗಳು ಹಿಂದಿನ ದಿನವೇ ಮೇಲ್‌ಗೆ ಬರುತ್ತವೆ. ನಾಳೆ ಏನು ಕೇಳುತ್ತಾರೆ ಅಂತ ಗೊತ್ತಿದ್ದರೆ ರಾತ್ರಿ ನಿದ್ದೆ ಬರುತ್ತದೆ, ಅಲ್ವಾ? ಪ್ರಶ್ನೆ ಕೇಳುವ ರೀತಿಯೂ ಬೇರೆ. 'ನಿಮಗೆ ಹೇಗನ್ನಿಸುತ್ತದೆ?' ಅಂತ ಯಾರಾದರೂ ಕೇಳಿದರೆ ನನಗೆ ಉತ್ತರವೇ ಹೊಳೆಯುವುದಿಲ್ಲ. ಆಟಿಸಂ ಇರುವ ಎಷ್ಟೋ ಜನರಿಗೆ ಒಳಗೆ ಏಳುತ್ತಿರುವುದು ಯಾವ ಭಾವನೆ ಅಂತ ಗುರುತಿಸೋದೇ ಕಷ್ಟ. ಇದಕ್ಕೆ ಅಲೆಕ್ಸಿಥೈಮಿಯಾ ಅನ್ನುತ್ತಾರೆ. ಇಲ್ಲಿನ ಕೌನ್ಸೆಲರ್‌ಗೆ ಅದು ಗೊತ್ತಿತ್ತು. ಅವರು ಕೇಳಿದ್ದು ಹೀಗೆ: 'ಹೆಂಗಸರೆಲ್ಲ ಈ ಕಡೆ ಬನ್ನಿ ಅಂದಾಗ ತಕ್ಷಣ ಹೊರಡುತ್ತೀರಾ, ಸ್ವಲ್ಪ ತಡೆದು ಹೊರಡುತ್ತೀರಾ?' 'ನಿಮ್ಮ ಫೋಟೋದಲ್ಲಿ ಮೊದಲು ಏನು ನೋಡುತ್ತೀರಿ? ಯಾವುದನ್ನು ನೋಡೋದೇ ಇಲ್ಲ?' ಇಂಥ ಪ್ರಶ್ನೆಗೆ ಪುಟಗಟ್ಟಲೆ ಬರೆಯಬಲ್ಲೆ. ಬರೆದೆ ಕೂಡ.

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆಗಿದ್ದು ಬಟ್ಟೆಯ ವಿಷಯದಲ್ಲಿ. ಮೈಗಂಟಿದ ಬಟ್ಟೆ ನನಗೆ ಚಿಕ್ಕಂದಿನಿಂದ ಆಗುವುದಿಲ್ಲ. ಹೊಲಿಗೆ ಚುಚ್ಚುತ್ತದೆ, ಕತ್ತಿನ ಹಿಂದಿನ ಲೇಬಲ್ ಇಡೀ ದಿನ ತಲೆ ತಿನ್ನುತ್ತದೆ. ಹಾಗಾದರೆ ಹೆಣ್ಣುಮಕ್ಕಳ ಬಟ್ಟೆ ಬೇಡ ಅನ್ನಿಸುವುದು ಚರ್ಮದ ಕಾಟವಾ, ಜೆಂಡರ್ ವಿಷಯವಾ? ಇದನ್ನು ಬಿಡಿಸಿ ನೋಡೋಕೆ ನನ್ನೊಬ್ಬರಿಂದ ಆಗಿರಲಿಲ್ಲ. ಕೌನ್ಸೆಲರ್ ಒಂದು ಉಪಾಯ ಹೇಳಿದರು. ಒಂದೇ ಮೆತ್ತನೆಯ ಬಟ್ಟೆಯಲ್ಲಿ ಎರಡು ಅಂಗಿ ತೆಗೆದುಕೊಳ್ಳಿ. ಒಂದು ಎದೆ, ಸೊಂಟದ ಆಕಾರಕ್ಕೆ ಹೊಲಿದದ್ದು, ಇನ್ನೊಂದು ನೇರವಾಗಿ ಇಳಿಯುವುದು. ಲೇಬಲ್ ಎರಡರಲ್ಲೂ ಕತ್ತರಿಸಿ. ಮನೆಯಲ್ಲಿ ಒಬ್ಬರೇ ಇದ್ದಾಗ ಹಾಕಿಕೊಳ್ಳಿ, ಕಂಡದ್ದನ್ನು ಬರೆದಿಡಿ.

ಮೊದಲನೆಯದು ಎಲ್ಲೂ ಚುಚ್ಚಲಿಲ್ಲ. ಆದರೂ ಹಾಕಿಕೊಂಡಷ್ಟು ಹೊತ್ತು ಭುಜ ಮುಂದಕ್ಕೆ ಬಾಗಿಸಿಕೊಂಡು, ಎದೆ ಮುಚ್ಚುವ ಹಾಗೆ ಕೂತಿದ್ದೆ. ಎರಡನೆಯದು ಹಾಕಿದಾಗ ನೆಟ್ಟಗೆ ಕೂತೆ. ಇದನ್ನು ಬರೆದು ಕಳಿಸಿದೆ. ಅವರು 'ನೋಡಿ, ನೀವು ಟ್ರಾನ್ಸ್', ಅಂದರೆ ಹುಟ್ಟಿದಾಗ ಬರೆಸಿದ ಜೆಂಡರ್ ನಿಮ್ಮದಲ್ಲ ಅಂತ ತೀರ್ಪು ಕೊಡಲಿಲ್ಲ. 'ಚುಚ್ಚೋದು ಹೋದ ಮೇಲೂ ಉಳಿದದ್ದು ಏನು ಅಂತ ಈಗ ಗೊತ್ತಾಯಿತು, ಅದರ ಬಗ್ಗೆ ನಿಧಾನಕ್ಕೆ ಮಾತಾಡೋಣ' ಅಂದರು. ಆ ನಿಧಾನ ನನಗೆ ಬೇಕಿತ್ತು.

ಹಿಂದೆ ಬೇರೊಂದು ಕಡೆ ಹೋದಾಗ, 'ಆಟಿಸಂ ಇರುವವರಿಗೆ ಒಂದೊಂದು ಗೀಳು ಹಿಡಿಯುತ್ತದೆ, ಇದೂ ಹಾಗೇ' ಅಂದು ಮಾತು ಮುಗಿಸಿದ್ದರು. ತುಂಬಾ ನೋವಾಗಿತ್ತು. 6 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ 2020ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬಂತು. ಟ್ರಾನ್ಸ್ ಮತ್ತು ಜೆಂಡರ್ ಡೈವರ್ಸ್ (ಗಂಡು, ಹೆಣ್ಣು ಅನ್ನೋ ಚೌಕಟ್ಟಿಗೆ ಹೊಂದದ) ಜನರಲ್ಲಿ ಆಟಿಸಂ ಇರುವ ಸಾಧ್ಯತೆ ಉಳಿದವರಿಗಿಂತ 3ರಿಂದ 6 ಪಟ್ಟು ಜಾಸ್ತಿ ಅಂತ ಅದರಲ್ಲಿ ಕಂಡುಬಂದಿದೆ. ಒಂದರಿಂದ ಇನ್ನೊಂದು ಬರುತ್ತದೆ ಅಂತ ಅದು ಹೇಳುವುದಿಲ್ಲ. ಆದರೆ ಎರಡೂ ಒಟ್ಟಿಗಿರುವವರು ನಮ್ಮಲ್ಲಿ ಸಾಕಷ್ಟು ಜನ ಇದ್ದಾರೆ. ಇಲ್ಲಿನ ಕೌನ್ಸೆಲರ್ ಇದನ್ನು ಮೊದಲ ವಾರದಲ್ಲೇ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಹೊಸ ಪಟ್ಟಿ 2022ರಿಂದ ಜಾರಿಗೆ ಬಂದಿದೆ, ಅದರಲ್ಲಿ ಹುಟ್ಟಿದಾಗ ಬರೆಸಿದ ಜೆಂಡರ್ ಹೊಂದದಿರುವುದನ್ನು ಮಾನಸಿಕ ಕಾಯಿಲೆಗಳ ಸಾಲಿನಿಂದ ತೆಗೆದಿದ್ದಾರೆ ಅಂತಲೂ ತಿಳಿಸಿದರು.

ಮಾಸ್ಕಿಂಗ್, ಅಂದರೆ ಆಟಿಸಂ ಹೊರಗೆ ಕಾಣದ ಹಾಗೆ ಮುಚ್ಚಿಡೋದು, ಅದರ ಬಗ್ಗೆಯೂ ಒಳ್ಳೆ ಮಾತುಕತೆ ಆಯಿತು. ಸಾಮಾನ್ಯರ ಹಾಗೆ ಕಾಣಲಿ ಅಂತ ನಗುವುದು, ಕೈ ಆಡಿಸುವುದು, ಮಾತಿನ ಧಾಟಿ ಎಲ್ಲ ನಾನು ಸುತ್ತಲಿನ ಹುಡುಗಿಯರನ್ನು ನೋಡಿ ಕಲಿತದ್ದು. ಅದರಲ್ಲಿ ಎಷ್ಟು ಆಟಿಸಂ ಮುಚ್ಚಿಡಲು, ಎಷ್ಟು ಹುಡುಗಿಯಾಗಿ ಕಾಣಲು? ಅದನ್ನು ಇನ್ನೂ ಹುಡುಕುತ್ತಿದ್ದೇವೆ.

ಕೊರತೆಗಳೂ ಇವೆ. ಚಾಟ್‌ನಲ್ಲಿ ಅವರು ಟೈಪ್ ಮಾಡುವಾಗ ಮೂರು ಚುಕ್ಕಿ ಕುಣಿಯುತ್ತವೆ, ಅದನ್ನು ನಿಲ್ಲಿಸೋಕೆ ಆಗುವುದಿಲ್ಲ. ನನ್ನ ಗಮನವೆಲ್ಲ ಅಲ್ಲೇ ಹೋಗುತ್ತದೆ. ಮನೆಯವರ ಜೊತೆಗಿನ ಸೆಷನ್ ಮಾತ್ರ ವಿಡಿಯೋದಲ್ಲೇ ಆಗಬೇಕಂತೆ, ಹಾಗಾಗಿ ನಾನು ಅದನ್ನು ತೆಗೆದುಕೊಂಡಿಲ್ಲ. ಹಾರ್ಮೋನ್, ಆಪರೇಷನ್ ಬಗ್ಗೆ ಇಲ್ಲಿ ಸಲಹೆ ಸಿಗುವುದಿಲ್ಲ, ಅದಕ್ಕೆ ಡಾಕ್ಟರ್ ಹತ್ತಿರ ಹೋಗಬೇಕು ಅಂತ ಮೊದಲೇ ಸ್ಪಷ್ಟವಾಗಿ ಬರೆದಿದ್ದಾರೆ. ಅದು ಸರಿಯೇ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಸೇರುವಾಗ ತುಂಬುವ ಫಾರ್ಮ್‌ಗಾಗಿ. ಗಂಡು, ಹೆಣ್ಣು, ಇತರೆ ಅಂತ ಮೂರೇ ಆಯ್ಕೆ. ಒಂದನ್ನು ಒತ್ತದೆ ಮುಂದೆ ಹೋಗೋಕೆ ಬಿಡುವುದಿಲ್ಲ. ಈ ಪ್ರಶ್ನೆ ಹೊತ್ತುಕೊಂಡೇ ಬರುವವರಿಗೆ ಬಾಗಿಲಲ್ಲೇ ಉತ್ತರ ಕೇಳಿದರೆ ಹೇಗೆ? ಎಷ್ಟೋ ಜನ ಅಲ್ಲಿಂದಲೇ ವಾಪಸ್ ಹೋಗಿರಬಹುದು. 'ಇನ್ನೂ ಯೋಚಿಸುತ್ತಿದ್ದೇನೆ' ಅನ್ನೋ ಆಯ್ಕೆ ಸೇರಿಸಿ ಅಂತ ಬರೆದು ಕಳಿಸಿದ್ದೇನೆ. ಸೇರಿಸಿದ ದಿನ ಈ ರಿವ್ಯೂ ತಿದ್ದಿ 5 ಸ್ಟಾರ್ ಮಾಡುತ್ತೇನೆ.