ಖಾಲಿ ರೂಮಿಗೆ ಬಾಡಿಗೆದಾರ: ಬೋರ್ಡೋ, ಆ್ಯಪೋ, ಬ್ರೋಕರೋ?

2021ರ ಏಪ್ರಿಲ್ 27ರಿಂದ ಕೊರೊನಾ ಲಾಕ್‌ಡೌನ್ ಎಂದು ಬೆಂಗಳೂರಿಗೆ ಮತ್ತೆ ಬೀಗ ಬಿದ್ದಿತ್ತು. ಐಟಿ ಹುಡುಗರು ಊರು ಸೇರಿದ್ದರು, ರೂಮು ಖಾಲಿ. ಗೇಟಿಗೆ ಟು-ಲೆಟ್ ಬೋರ್ಡ್ ನೇತುಹಾಕಲು ಖರ್ಚಿಲ್ಲ, ಆದರೆ ಆಗ ನೋಡುತ್ತಿದ್ದವರು ಬೆಳಗ್ಗೆ 6ರಿಂದ 10ರೊಳಗೆ ಹಾಲು, ತರಕಾರಿಗೆ ಬಂದವರಷ್ಟೇ. ಆದರೂ ಹಾಕಿ, ಪಕ್ಕದ ಬೀದಿಯಲ್ಲೇ ಕಮ್ಮಿ ಬಾಡಿಗೆ ಹುಡುಕುವವರು ಇರುತ್ತಾರೆ.

ನೋಬ್ರೋಕರ್, ಓಎಲ್‌ಎಕ್ಸ್ ಆ್ಯಪ್‌ಗಳಲ್ಲಿ ಹಾಕಿದರೆ ಹುಬ್ಬಳ್ಳಿಯಲ್ಲಿ ಕೂತವರೂ ನೋಡುತ್ತಾರೆ. ವಿಡಿಯೊದಲ್ಲಿ ನಲ್ಲಿ ತಿರುಗಿಸಿ, ನೀರು ಬರುವುದನ್ನೂ ತೋರಿಸಿ. ‘ಅಡ್ವಾನ್ಸ್ ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಎಂದರೆ ಫೋನಿಡಿ. ದುಡ್ಡು ಬರುವುದಕ್ಕೆ ಸ್ಕ್ಯಾನ್ ಮಾಡಿ ಯುಪಿಐ ಪಿನ್ ಒತ್ತಬೇಕಾಗಿಲ್ಲ.

ಬ್ರೋಕರ್? ಲಾಕ್‌ಡೌನಿನಲ್ಲಿ ಮನೆ ತೋರಿಸಲು ಅವನೂ ಓಡಾಡುವಂತಿರಲಿಲ್ಲ, ಕಮಿಷನ್ ಮಾತ್ರ ಬಿಡುತ್ತಿರಲಿಲ್ಲ.

ನನ್ನ ಓಟು ಆ್ಯಪಿಗೆ. 10 ತಿಂಗಳ ಅಡ್ವಾನ್ಸೇ ಬೇಕೆಂದು ಹಟ ಹಿಡಿದರೆ ಅದೂ ನಡೆಯದು, ಎರಡು-ಮೂರಕ್ಕೆ ಇಳಿಸಿ.