ಇಎಸ್‌ಐ, ಪಿಎಫ್ ಕೆಲಸಕ್ಕೆ ತುಮಕೂರಿನ ಒಂದು ಕನ್ಸಲ್ಟೆಂಟ್ ಆಫೀಸು

ಅಂತರಸನಹಳ್ಳಿಯ ನಮ್ಮ ವರ್ಕ್‌ಶಾಪಿನ ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ), ಪಿಎಫ್ (ಭವಿಷ್ಯ ನಿಧಿ) ಲೆಕ್ಕ ನೋಡುವುದು ಇವರೇ. ವಿವರಿಸುವುದರಲ್ಲಿ ಪೂರ್ತಿ ಮಾರ್ಕ್ಸ್. ಹತ್ತು ಜನ ಕೆಲಸಕ್ಕಿದ್ದರೆ ಇಎಸ್‌ಐ ಬರುತ್ತದೆ, 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಮಾಲೀಕರು 3.25%, ಕೆಲಸಗಾರರು 0.75% ಕಟ್ಟಬೇಕು, ನಮ್ಮ ಪಾಲನ್ನು ಅವರ ಸಂಬಳದಲ್ಲಿ ಮುರಿಯುವ ಹಾಗಿಲ್ಲ ಎಂದು ಕೂರಿಸಿಕೊಂಡು ಬಿಡಿಸಿ ಹೇಳಿದರು. ಪಟ್ಟಿಯಿಂದ ಇಬ್ಬರನ್ನು ಬಿಟ್ಟರೆ ದುಡ್ಡು ಉಳಿಯುತ್ತದೆ ಅನ್ನೋ ಕಳ್ಳ ಐಡಿಯಾ ಕೊಡಲಿಲ್ಲ, ಅದು ದೊಡ್ಡ ವಿಷಯ.

ಬೇಜಾರು ಒಂದೇ. ಹಿಂದಿನ ತಿಂಗಳದ್ದನ್ನು 15ನೇ ತಾರೀಖಿನೊಳಗೆ ಕಟ್ಟಬೇಕು ಅಂತ ಗೊತ್ತಿದ್ದೂ ಚಲನ್ 14ರ ರಾತ್ರಿ ವಾಟ್ಸಾಪಿಗೆ ಬರುತ್ತದೆ. ತಡವಾದರೆ ಬಡ್ಡಿ ಕಟ್ಟೋರು ನಾವೇ ಅಲ್ವಾ? ಫೀಸೂ ಸ್ವಲ್ಪ ಜಾಸ್ತಿ. ಹೋಗುವವರು ಸುಮ್ನೆ ಕಾಯಬೇಡಿ, ಹತ್ತನೇ ತಾರೀಖಿನೊಳಗೇ ಫೋನ್ ಮಾಡಿ ಚಲನ್ ತರಿಸಿಕೊಳ್ಳಿ.